ನೊಣ ಕೂರದ ತೊಗಲು ಮಂಡಿ

ಮದುವೆಯಾಗಿ ನಾನು ಚಳ್ಳಕೆರೆಗೆ ಬಂದಾಗ ನನ್ನ ಯಜಮಾನರು ಅಲ್ಲಿನ ತೊಗಲು ಮಂಡಿಯಲ್ಲಿ ಕೆಲಸಕ್ಕಿದ್ದರು. ಹಟ್ಟಿಗಳಿಂದ ಬಂದ ಕುರಿ ತೊಗಲನ್ನು ಮದ್ದಿನ ನೀರಲ್ಲಿ ಅದ್ದಿ, ಒಣಗಿಸಿ, ಬಳ್ಳಾರಿಗೆ ಹೋಗುವ ಗಾಡಿಗಳಿಗೆ ಹೇರುತ್ತಿದ್ದರು. ಎಂಥ ಮದ್ದೆಂದು ಕೇಳಿದರೆ, "ಹುಳ ಬೀಳದಂಗೆ ಹಾಕೋದು ಕಣೇ" ಎನ್ನುತ್ತಿದ್ದರು.

ಮೊದಮೊದಲು ಅವರ ಕೆನ್ನೆ ತುಂಬಿ ಮುಖಕ್ಕೆ ಹೊಳಪು ಬಂತು. ಸೊಸೆಯ ಕಾಲ್ಗುಣವೆಂದು ಅತ್ತೆ ಹಿಗ್ಗಿದರು. ನನಗೆ ಮಾತ್ರ ಯಜಮಾನರ ಉಸಿರು ಹೆದರಿಕೆ ಹುಟ್ಟಿಸುತ್ತಿತ್ತು. ಅಡುಗೆಗೆ ಬೆಳ್ಳುಳ್ಳಿ ಹಾಕದ ದಿನವೂ ಅವರ ಬಾಯಿಂದ ಹಸಿ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ಬರಬರುತ್ತಾ ಅಂಗೈಯಲ್ಲಿ ಕಡಲೆಕಾಳಿನಂಥ ಗಂಟುಗಳೆದ್ದವು. "ಗಾಳಿ ಸೋಕೈತೆ" ಎಂದು ಅತ್ತೆ ತಾಯಿತ ಕಟ್ಟಿಸಿದರು.

ಒಂದು ಮಧ್ಯಾಹ್ನ ಬುತ್ತಿ ಹಿಡಿದು ನಾನೇ ಮಂಡಿಗೆ ಹೋದೆ. ಹಗ್ಗದ ಮೇಲೆ ಸಾಲಾಗಿ ಹಸಿ ತೊಗಲು ನೇತಾಡುತ್ತಿತ್ತು. ಅಷ್ಟು ತೊಗಲಿದ್ದಲ್ಲಿ ನೊಣ ಗುಂಯ್‌ಗುಟ್ಟಬೇಕಿತ್ತು. ಒಂದೂ ಇರಲಿಲ್ಲ. ಮದ್ದಿನ ನೀರಿನ ತೊಟ್ಟಿಯ ಪಕ್ಕ ಗುಬ್ಬಿಯೊಂದು ಕಾಲು ಮೇಲೆ ಮಾಡಿ ಬಿದ್ದಿತ್ತು. ಬರಿಮೈಯಲ್ಲಿ ಬಗ್ಗಿದ್ದ ಯಜಮಾನರ ಬೆನ್ನು ಕಪ್ಪಿಟ್ಟಿತ್ತು. ಅದರ ತುಂಬ ಧೂಳಿನ ಮೇಲೆ ಮಳೆಹನಿ ಬಿದ್ದಂತೆ ಬಿಳಿ ಚುಕ್ಕೆಗಳು.

ಎಲ್ಲೋ ಸಣ್ಣಗೆ ಸಿಳ್ಳು ಕೇಳಿಸಿತು. ತೊಗಲು ಕಟ್ಟುತ್ತಿದ್ದ ಮುದುಕ ಸಾಬರು ಉಸಿರೆಳೆದಾಗಲೆಲ್ಲ ಆ ಸದ್ದು ಬರುತ್ತಿತ್ತು.

"ಹೆದರಬ್ಯಾಡ ಬೇಟಿ," ಎಂದರು. "ಮೂಗಿನ ನಡುಗೋಡೆ ತೂತು ಬಿದ್ದೈತೆ. ಇಲ್ಲಿ ಎಲ್ಲಾರಿಗೂ ಆಗ್ತೈತೆ. ನೋವಿಲ್ಲ."

ಅವರು ನಕ್ಕರು. ನಗುವಿನ ಜೊತೆಗೂ ಸಿಳ್ಳು ಬಂತು.

ಸಂಜೆ ಅಂಗಳದಲ್ಲಿ ಯಜಮಾನರನ್ನು ಬಿಸಿಲಿಗೆ ಓರೆಯಾಗಿ ಕೂರಿಸಿದೆ. "ಮೂಗು ಮ್ಯಾಲೆ ಮಾಡ್ರಿ" ಎಂದೆ. ಒಂದು ಹೊಳ್ಳೆಗೆ ಬಿದ್ದ ಬಿಸಿಲು ಇನ್ನೊಂದು ಹೊಳ್ಳೆಯೊಳಗೆ ಕೆಂಪಗೆ ಕಂಡಿತು. ಇವರ ನಡುಗೋಡೆಯೂ ತೂತಾಗಿತ್ತು.

"ನಾಳೆಯಿಂದ ಮಂಡಿ ಬ್ಯಾಡ. ಸಿದ್ದಾಪುರದಾಗೆ ನಮ್ಮಪ್ಪನ ಕುರಿ ಅದಾವೆ. ಬರೋದಾದ್ರೆ ಬರ್ರಿ, ಇಲ್ಲಾಂದ್ರೆ ನಾನೊಬ್ಳೇ ಹೋಗ್ತೀನಿ."

ಅವರು ಮೂಗು ಸವರಿಕೊಳ್ಳುತ್ತಾ, "ನಿಮ್ಮಪ್ಪ ಏನಂತಾನೋ" ಎಂದರು. ಮರುದಿನವೇ ಗಾಡಿ ಕಟ್ಟಿಸಿದೆ. ಸಾಬರನ್ನೂ ಕರೆದೆವು, ಅವರು ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರೆಂದು ಸುದ್ದಿ ಬಂತು.

ಸಿದ್ದಾಪುರದಲ್ಲಿ ಕುರಿ ಮೇಯಿಸುತ್ತಾ ಯಜಮಾನರ ಉಸಿರು ತಿಳಿಯಾಯಿತು. ಅಂಗೈಯ ಗಂಟು ಕರಗಲಿಲ್ಲ. ಒಂದು ಬೆರಳು ಹುಣ್ಣಾಗಿ ಮಾಯಲೇ ಇಲ್ಲ. ಬಳ್ಳಾರಿ ಆಸ್ಪತ್ರೆಯಲ್ಲಿ ಅದನ್ನು ಕತ್ತರಿಸಿದ ಡಾಕ್ಟರರೇ ಆ ಮದ್ದಿನ ಹೆಸರು ಹೇಳಿದ್ದು: ಪಾಷಾಣ. ಇಲಿ ಕೊಲ್ಲಲು ಇಡುವ ಅದೇ ಪಾಷಾಣ.

ಅದನ್ನು ಕೇಳಿದ ಮೇಲೆ ಹುಟ್ಟಿದ ಮಗಳನ್ನು ಯಜಮಾನರು ಅಂಗೈಯಿಂದ ಮುಟ್ಟಲಿಲ್ಲ. ಮುಂಗೈಗಳ ಮೇಲೆ ಮಲಗಿಸಿಕೊಂಡೇ ಎತ್ತುತ್ತಿದ್ದರು.

"ವಿಷ ಯಾವಾಗ್ಲೋ ಹೋಗೈತೆ. ಸರಿಯಾಗಿ ಹಿಡ್ಕಳ್ರಿ" ಎಂದೆ.

"ಹೋಗಿದ್ದು ಯಾರು ನೋಡ್ಯಾರೆ?" ಎಂದು ಮಗಳನ್ನು ನನ್ನ ಮಡಿಲಿಗೆ ಇಳಿಸಿದರು.