ಛಾವಣಿ ಮನೆಯ ಪಿಯಾನೊ

ಭಾನಾಮತಿ ಎಂದು ಊರಿಗೆ ಊರೇ ಹೆದರಿ ಕೂತಿದ್ದ ಒಂದು ಮನೆಗೆ ನಾನೊಮ್ಮೆ ಹೋಗಿ, ಮಾಳಿಗೆಯ ಮೇಲಿಂದ ಕಲ್ಲು ಒಗೆಯುತ್ತಿದ್ದ ಆ ಮನೆಯ ಹಿರಿಮಗನನ್ನೇ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದ್ದೆ. ಮಸ್ಕಿಯಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತ ಬಂದವನು ನಾನು. ದೆವ್ವ, ಗಾಳಿ ಎಂದವರನ್ನು ಕಂಡರೆ ನಗು ಬರುತ್ತಿತ್ತು. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ನನ್ನ ಅಕ್ಕ ನೀಲಮ್ಮನ ಮನೆ ಲಿಂಗಸುಗೂರಿನ ಛಾವಣಿಯಲ್ಲಿದೆ. ಹಿಂದೆ ಇಂಗ್ಲಿಷರ ಪಲ್ಟನ್, ಅಂದರೆ ಸೈನ್ಯ, ಬೀಡುಬಿಟ್ಟಿದ್ದ ಜಾಗ ಅದು. ಎತ್ತರದ ಮಾಳಿಗೆ, ಮೊಳ ದಪ್ಪದ ಗೋಡೆಗಳ ಹಳೆಯ ಮನೆಯೊಂದನ್ನು ಅಕ್ಕನ ಗಂಡ ಶರಣಪ್ಪ ಮಾಮಾ ಬಹಳ ವರ್ಷಗಳ ಹಿಂದೆ ಕೊಂಡಿದ್ದರು. ನಮ್ಮ ಕಡೆ ಅಕ್ಕನ ಗಂಡನನ್ನು ಮಾಮಾ ಎನ್ನುವುದೇ ರೂಢಿ. ಮನೆ ಮಾರಿದವರು ಪಡಸಾಲೆಯಲ್ಲಿ ಒಂದು ದೊಡ್ಡ ಪಿಯಾನೊವನ್ನು ಹಾಗೇ ಬಿಟ್ಟುಹೋಗಿದ್ದರು.

ಮಾಮಾ ಒಳ್ಳೆಯ ಹಾರ್ಮೋನಿಯಂ ವಾದಕರು. ಮಠದ ಭಜನೆ ಅವರಿಲ್ಲದೆ ನಡೆಯುತ್ತಿರಲಿಲ್ಲ. ಹೊಸ ಮನೆಗೆ ಬಂದ ತಿಂಗಳಲ್ಲೇ ಒಂದು ಮಧ್ಯಾಹ್ನ ಅವರು ಪಿಯಾನೊದ ಮುಚ್ಚಳ ತೆಗೆದು ಕೂತರಂತೆ. ಅಡಿಗೆಮನೆಯಲ್ಲಿದ್ದ ಅಕ್ಕನಿಗೆ ನಾಲ್ಕು ಸ್ವರ ಕೇಳಿಸಿದವು. ಆಮೇಲೆ ಮುಚ್ಚಳ ಧಡ್ ಎಂದು ಬಿದ್ದ ಸದ್ದು. ಅವಳು ಕೈ ಒರೆಸಿಕೊಂಡು ಹೊರಗೆ ಬರುವುದರೊಳಗೆ ಮಾಮಾ ಮುಚ್ಚಳಕ್ಕೆ ಕೀಲಿ ಹಾಕಿ ಹಿತ್ತಲ ಬಾವಿಯ ಕಡೆ ನಡೆದಿದ್ದರು. ಕೀಲಿಕೈಯನ್ನು ಬಾವಿಗೆ ಒಗೆದು ಬಂದರು. ಅಂದಿನಿಂದ ಹಾರ್ಮೋನಿಯಂ ಕೂಡ ಮುಟ್ಟಲಿಲ್ಲ. ಕೇಳಿದರೆ, "ಆ ಮಾತು ಬಿಡು" ಎನ್ನುವುದೊಂದೇ ಉತ್ತರ. ಈ ಸಂಗತಿಯನ್ನು ಅಕ್ಕ ನನಗೆ ಹೇಳಿದ್ದು ಪಿಯಾನೊವನ್ನು ಸಾಗಿಸಿ, ಆಗಬಾರದ್ದು ಆಗಿಹೋದ ಮೇಲೆ.

ಕೆಲವು ವರ್ಷಗಳ ಹಿಂದೆ ಮಾಮಾನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರಾ ನಿಂತಿತು. ಎಂಟು ತಿಂಗಳು ಕಳೆದರೂ ಗಂಟಲಿನಿಂದ ಒಂದು ಊಳಿನ ಹೊರತು ಬೇರೇನೂ ಬರಲಿಲ್ಲ. ಅವರ ಮಂಚ ಇದ್ದದ್ದು ಕಿಟಕಿಯೇ ಇಲ್ಲದ ಒಳಕೋಣೆಯಲ್ಲಿ. ಬೇಸಿಗೆ ಬಂದಾಗ ಬೆನ್ನಿಗೆ ಹುಣ್ಣಾಗತೊಡಗಿತು. ಗಾಳಿ ಆಡುವ ಕಡೆ ಮಲಗಿಸಿ ಎಂದರು ಡಾಕ್ಟರು. ಪಡಸಾಲೆಯ ದೊಡ್ಡ ಕಿಟಕಿಯ ಕೆಳಗಿನ ಜಾಗವನ್ನು ಪಿಯಾನೊ ಹಿಡಿದುಕೊಂಡಿತ್ತು.

"ಹಾಳಾದ ಪೇಟಿ, ಎಲ್ಲಿಗ್ಯಾರ ಸಾಗಿಸೋ ತಮ್ಮಾ" ಎಂದಳು ಅಕ್ಕ.

ನನಗೆ ಗೊತ್ತಿದ್ದ ಎರಡು ಶಾಲೆಗಳಲ್ಲಿ ಕೇಳಿದೆ, ಬೇಡವೆಂದರು. ಮದುವೆ ಬ್ಯಾಂಡಿನವರು ನಕ್ಕರು. ಬಡಿಗನೊಬ್ಬ ಬಂದು ತಟ್ಟಿ ನೋಡಿ, ಒಳಗೆಲ್ಲ ಕಬ್ಬಿಣವೇ ಇದೆ ಎಂದು ಹೊರಟುಹೋದ. ಕೊನೆಗೆ ಸಿಂಧನೂರಿನಲ್ಲಿ ಚಿಕ್ಕದೊಂದು ಫಂಕ್ಷನ್ ಹಾಲ್ ನಡೆಸುವ ಸುಬ್ಬಾರಾವ್ ಎಂಬವರು, ಮದುಮಕ್ಕಳನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆಸಲು ಚೆನ್ನಾಗಿರುತ್ತದೆ ಎಂದು ಒಪ್ಪಿಕೊಂಡರು. ಕೀಲಿಕೈ ಇಲ್ಲ ಎಂದೆ. ಬಾರಿಸುವವರು ಯಾರಿದ್ದಾರೆ, ಬೇಕಾಗಿಲ್ಲ ಎಂದರು.

ಆರು ಜನ ಹಮಾಲರು ಅದನ್ನು ಎತ್ತುವಾಗ ಒಳಕೋಣೆಯಲ್ಲಿ ಮಾಮಾ ಎಡಗೈಯಿಂದ ಮಂಚದ ಪಟ್ಟಿಯನ್ನು ಬಡಿಯತೊಡಗಿದರು. ಹೋಗಿ ನೋಡಿದರೆ ಕಣ್ಣಲ್ಲಿ ನೀರು. ಹಳೆಯ ವಸ್ತುವಿನ ಮೇಲಿನ ಮೋಹ ಎಂದುಕೊಂಡೆ. "ಚಿಂತಿ ಮಾಡಬ್ಯಾಡ್ರಿ ಮಾಮಾ, ಛಲೋ ಕಡೆ ಹೋಗಾಕತ್ತೈತಿ" ಎಂದೆ. ಅವರು ನನ್ನ ಮಣಿಕಟ್ಟು ಹಿಡಿದರು. ರೋಗಿಯ ಕೈಯಲ್ಲಿ ಅಷ್ಟು ಬಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೊರಗೆ ಬಂದೆ. ಇವತ್ತಿಗೂ ಆ ಬಿಡಿಸಿಕೊಂಡದ್ದು ನೆನಪಾದರೆ ಊಟ ಸೇರುವುದಿಲ್ಲ.

ಮೂರನೆಯ ದಿನ ರವಿವಾರ. ನಾನು ಮಸ್ಕಿಯ ನಮ್ಮ ಮನೆಯಲ್ಲಿ ಊಟ ಮಾಡಿ ಅಡ್ಡಾಗಿದ್ದೆ. ಅಕ್ಕನ ಫೋನು ಬಂತು.

"ತಮ್ಮಾ, ಲಗೂನ ಬಾರೋ. ಅವರು ಮಾತಾಡಾಕತ್ತಾರ."

"ಒಳ್ಳೇದಾತಲ್ಲಕ್ಕಾ!"

"ಒಳ್ಳೇದಲ್ಲೋ ಯಪ್ಪಾ. ನೀನೇ ಕೇಳು."

ಅವಳು ಫೋನನ್ನು ಅವರ ಹತ್ತಿರ ಹಿಡಿದಿರಬೇಕು. ಮಾಮಾನ ದನಿಯೇ, ಸ್ವಲ್ಪವೂ ತೊದಲಿಲ್ಲ. "ಮುಚ್ಚಳ ಮುಚ್ಚು. ಮುಚ್ಚಳ ಮುಚ್ಚು. ಮುಚ್ಚಳ ಮುಚ್ಚು." ನಡುವೆ ಉಸಿರಿಗೂ ಬಿಡುವಿರಲಿಲ್ಲ. ಅರ್ಧ ತಾಸಿನಿಂದ ಹೀಗೇ ಒದರುತ್ತಿದ್ದಾರೆ ಎಂದಳು. ಮನೆಯಲ್ಲಿನ ಡಬ್ಬಿ, ಬೋಗುಣಿ, ಪೆಟ್ಟಿಗೆ, ನೀರಿನ ಹಂಡೆ ಎಲ್ಲದರ ಮುಚ್ಚಳ ಮುಚ್ಚಿ ತೋರಿಸಿದ್ದಳು. "ಬಾಯಾಗ ರಕ್ತ ಕಾಣಾಕತ್ತೈತೋ" ಎಂದು ಅತ್ತಳು.

ಸುಬ್ಬಾರಾವ್ ಅವರಿಗೆ ಫೋನ್ ಮಾಡಬೇಕೆಂದು ನನಗೆ ಯಾಕೆ ಹೊಳೆಯಿತೋ ಹೇಳಲಾರೆ. ಪಿಯಾನೊ ಹೇಗಿದೆ, ಒಮ್ಮೆ ನೋಡಿ ಹೇಳಿ ಎಂದೆ. ಫೋನು ಹಿಡಿದುಕೊಂಡೇ ಅವರು ಹಾಲಿನೊಳಗೆ ಹೋದರು. ಚಪ್ಪಲಿಯ ಸದ್ದು ಕೇಳುತ್ತಿತ್ತು. ಸದ್ದು ನಿಂತಿತು.

"ಸಾರ್, ಇದು ತೆಗ್ದೈತಲ್ಲ ಸಾರ್. ನಾವ್ಯಾರೂ ಮುಟ್ಟಿಲ್ಲ."

"ಮುಚ್ರಿ ಅದನ್ನ."

ಸ್ವಲ್ಪ ಹೊತ್ತು ಏದುಸಿರು ಕೇಳಿಸಿತು. "ಬರವಲ್ದು ಸಾರ್. ನಮ್ಮಾಕಿನೂ ಹಿಡದಾಳ. ಜಗ್ಗವಲ್ದು."

ಅಕ್ಕನ ಊರು ಒಂದು ದಿಕ್ಕಿಗೆ, ಸಿಂಧನೂರು ಇನ್ನೊಂದು ದಿಕ್ಕಿಗೆ. ಬೈಕು ಹತ್ತಿ ಚಾಲೂ ಮಾಡಿದೆ. ರಕ್ತ ಕಾರುತ್ತಿರುವ ಮನುಷ್ಯನನ್ನು ಬಿಟ್ಟು ಒಂದು ಮರದ ಸಾಮಾನು ನೋಡಲು ಹೋಗುವುದು ಹುಚ್ಚುತನ ಎಂದು ನನಗೂ ತಿಳಿಯುತ್ತಿತ್ತು. ಆಂಬ್ಯುಲೆನ್ಸ್ ಕರೆಸು ಎಂದು ಅಕ್ಕನಿಗೆ ಹೇಳಿ ಸಿಂಧನೂರಿನ ಕಡೆ ತಿರುಗಿದೆ. ಅವಳಿಗೆ ಬಹಳ ಸಿಟ್ಟು ಬಂತು. "ನೀ ಬರಂಗಿಲ್ಲೇನು? ನಾ ಒಬ್ಬಾಕಿ ಅದೀನಿ" ಎಂದಳು. ಫೋನನ್ನು ಜೇಬಿಗೆ ಹಾಕಿದೆ.

ಬಿಸಿಲು ಚುರುಚುರು ಅನ್ನುತ್ತಿತ್ತು. ರಸ್ತೆಯ ಎರಡೂ ಬದಿ ಕೊಯ್ದ ಭತ್ತದ ಗದ್ದೆಗಳು ಖಾಲಿ ಬಿದ್ದಿದ್ದವು. ಆ ದಾರಿಯಲ್ಲಿ ನಾನು ಅಷ್ಟು ಜೋರಾಗಿ ಗಾಡಿ ಓಡಿಸಿದ್ದು ಅದೊಂದೇ ಸಲ.

ಹಾಲಿನ ಬಾಗಿಲಲ್ಲೇ ಸುಬ್ಬಾರಾವ್ ಮತ್ತು ಅವರ ಹೆಂಡತಿ ನಿಂತಿದ್ದರು. ಒಳಗೆ ಪ್ಲಾಸ್ಟಿಕ್ ಹೂವಿನ ಕಮಾನಿನ ಕೆಳಗೆ ಪಿಯಾನೊ ಇತ್ತು. ಮುಚ್ಚಳ ಪೂರಾ ಮೇಲೆದ್ದಿತ್ತು. ನಾನು ಮೊದಲು ನೋಡಿದ್ದು ಕೀಲಿಯನ್ನು. ಯಾರಾದರೂ ಮೀಟಿ ತೆಗೆದಿದ್ದರೆ ಮರ ಸೀಳಿರಬೇಕಿತ್ತು, ಸೀಳಿರಲಿಲ್ಲ. ಕೀಲಿಯ ನಾಲಗೆ ಹೊರಗೇ ಚಾಚಿತ್ತು. ಅಂದರೆ ಕೀಲಿ ಹಾಕಿದ ಹಾಗೆಯೇ ಇತ್ತು. ಆಮೇಲೆ ಕರಿ ಬಿಳಿ ಪಟ್ಟಿಗಳನ್ನು ನೋಡಿದೆ. ಎಡಗಡೆ ಐದು ಪಟ್ಟಿಗಳು ಒಳಗೆ ಒತ್ತಿಕೊಂಡೇ ಇದ್ದವು, ಯಾರೋ ಅಂಗೈ ಬಿಡಿಸಿ ಇಟ್ಟುಕೊಂಡ ಹಾಗೆ.

ನಾನು ಮುಚ್ಚಳದ ಮೇಲೆ ಎರಡೂ ಕೈ ಇಟ್ಟು ಒತ್ತಿದೆ. ತುಕ್ಕು ಹಿಡಿದ ತಿರುಗಣಿ ಬಿಗಿದಿದೆ ಎಂದುಕೊಂಡೆ. ಆದರೆ ಬಿಗಿತ ಹಾಗಿರುವುದಿಲ್ಲ. ಹಾಲು ಕುಡಿಯಲು ಬಂದ ಕರುವಿನ ಹಣೆಗೆ ಕೈ ಕೊಟ್ಟು ತಡೆದಿದ್ದೀರಾ? ಅವಸರವಿಲ್ಲದೆ, ಬೆಚ್ಚಗೆ, ಅದು ಎದುರು ಒತ್ತುತ್ತಿತ್ತು. ಸುಬ್ಬಾರಾವ್ ಬಂದು ಪಕ್ಕದಲ್ಲಿ ಕೈ ಕೊಟ್ಟರು. ಅವರ ಹೆಂಡತಿಯೂ ಬಂದರು. ಮೂವರೂ ಮೈಭಾರ ಬಿಟ್ಟೆವು. ಬಹಳ ಹೊತ್ತಿನ ಮೇಲೆ ಆ ಒತ್ತು ತಾನಾಗಿ ಹಿಂದೆ ಸರಿಯಿತು. ನಾವು ಗೆದ್ದೆವೆಂದು ನನಗೆ ಅನಿಸಲಿಲ್ಲ. ಮುಚ್ಚಳ ಕೂತಿತು, ಒಳಗೆ ಟಕ್ ಎಂದಿತು.

ಜೇಬಿನಲ್ಲಿ ಫೋನು ರಿಂಗಾಗುತ್ತಿತ್ತು.

"ಸುಮ್ಮನಾದ್ರೋ" ಎಂದಳು ಅಕ್ಕ.

"ಯಾವಾಗ?"

"ಈಗ. ಈಗಿನ್ನ. ನಿದ್ದಿ ಹತ್ತೈತಿ. ಆಂಬ್ಯುಲೆನ್ಸ್ ಇನ್ನೂ ಬಂದಿಲ್ಲ."

ಲಕ್ವಾ ಹೊಡೆದವರು ಒಮ್ಮೊಮ್ಮೆ ಒಂದೇ ಮಾತನ್ನು ಹಿಡಿದುಕೊಂಡು ಒದರುವುದುಂಟು, ಅದರಲ್ಲಿ ವಿಶೇಷವೇನಿಲ್ಲ ಎಂದರು ಡಾಕ್ಟರು. ಸರಿಯೇ. ನಾನೂ ಅದನ್ನು ಓದಿದ್ದೇನೆ. ಆದರೆ ಲಿಂಗಸುಗೂರಿನ ಮಂಚದ ಮೇಲಿದ್ದವರಿಗೆ ಸಿಂಧನೂರಿನ ಮುಚ್ಚಳ ಹೇಗೆ ಕಂಡಿತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮಾಮಾ ಮತ್ತೆ ಮಾತಾಡಲಿಲ್ಲ. ಕಿಟಕಿಯ ಗಾಳಿಗೆ ಬೆನ್ನಿನ ಹುಣ್ಣು ಮಾಯಿತು. ಒಂದು ದಿನ ಅಕ್ಕ ಇಲ್ಲದಾಗ ಹತ್ತಿರ ಕೂತು ಕೇಳಿದೆ: "ಮಾಮಾ, ಅವತ್ತು ಅದನ್ನ ತೆಗದಾಗ ಏನಾರ ನೋಡಿದ್ರೇನು?" ಹೌದು ಅಥವಾ ಇಲ್ಲ ಎನ್ನಲು ಅವರು ಕಣ್ಣು ಮಿಟುಕಿಸುತ್ತಿದ್ದರು. ಅವತ್ತು ಮಿಟುಕಿಸಲಿಲ್ಲ. ನನ್ನ ಎರಡೂ ಅಂಗೈಗಳನ್ನು ನೋಡಿದರು, ಎಡಗೈಯಿಂದ ಅವನ್ನು ತಿರುಗಿಸಿ ಮತ್ತೆ ನೋಡಿದರು, ಮುಖವನ್ನು ಗೋಡೆಯ ಕಡೆ ಹೊರಳಿಸಿದರು. ಮರುವರ್ಷ ತೀರಿಕೊಂಡರು.

ಸುಬ್ಬಾರಾವ್ ಅದೇ ಸಂಜೆ ಮುಚ್ಚಳಕ್ಕೆ ನಾಲ್ಕು ಮೊಳೆ ಜಡಿಸಿ, ಪಿಯಾನೊವನ್ನು ಹಾಲಿನ ಹಿಂದಿನ ಕೋಣೆಗೆ ನೂಕಿಸಿದ್ದರು. ಮಾಮಾ ಹೋದ ಕೆಲವು ತಿಂಗಳಿಗೆ ಅವರ ಫೋನು ಬಂತು. ಬಳ್ಳಾರಿ ಕಡೆಯ ಸಂಗೀತದ ಮೇಷ್ಟ್ರೊಬ್ಬರು ಅದನ್ನು ಕೇಳಿಕೊಂಡು ಬಂದಿದ್ದಾರೆ, ರಿಪೇರಿ ಮಾಡಿ ಮಕ್ಕಳಿಗೆ ಕಲಿಸುತ್ತಾರಂತೆ ಎಂದರು.

"ಮೊಳೆ ತೆಗಿಲಾ ಸಾರ್?"

ನಾನು ಬೇಡ ಎಂದೆ. ಯಾಕೆ ಎಂದು ಕೇಳಿದ್ದರೆ ಹೇಳಲು ನನ್ನ ಹತ್ತಿರ ಒಂದು ಕಾರಣವೂ ಇರಲಿಲ್ಲ. ಅವರು ಯಾಕೆಂದು ಕೇಳಲಿಲ್ಲ.