ಹಿಂಚಕ್ರಗಳ ಹೊಣೆ ಹೊತ್ತ ಅದೆರಿತು ಫಲ್ಕಾಂವ್ ಅವರು

ನಮ್ಮ ಬೆಟ್ಟದೂರು ಫ್ರಾಗೋಸದ ಸ್ವಯಂಸೇವಕ ಅಗ್ನಿಶಾಮಕ ದಳದ ಚರಿತ್ರೆ ಬರೆಯುವವರು ಕಾಳ್ಗಿಚ್ಚಿಗೆ ಎದುರು ನಿಂತವರ ಹೆಸರುಗಳನ್ನು ಮೊದಲು ಬರೆಯುತ್ತಾರೆ, ಅದು ನ್ಯಾಯವೇ. ಆದರೆ ಹಾಗೆ ನಿಂತವರನ್ನು ಬೆಟ್ಟದಿಂದ ಜೀವಸಹಿತ ಕೆಳಗಿಳಿಸಿದ ಹಳೆಯ ನೀರಿನ ಲಾರಿಯನ್ನು ಮೂರು ದಶಕಗಳಿಗೂ ಮಿಕ್ಕಿ ಕಾಪಾಡಿಕೊಂಡು ಬಂದ ಮೆಕ್ಯಾನಿಕ್ ಶ್ರೀ ಅದೆರಿತು ಫಲ್ಕಾಂವ್ ಅವರನ್ನು ಬಿಟ್ಟರೆ ಆ ಚರಿತ್ರೆ ಪೂರ್ತಿಯಾಗದು. ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಒಂದು ಪ್ರಸಂಗವನ್ನು ಈ ಅಭಿನಂದನಾ ಸಂಪುಟದಿಂದ ಕೈಬಿಡೋಣವೆಂದು ಕೆಲವರು ಸೂಚಿಸಿದ್ದುಂಟು. "ಅದನ್ನು ಬಿಡೋದಾದ್ರೆ ನನ್ನ ಬಗ್ಗೆ ಏನೂ ಬರೀಬೇಡಿ" ಎಂದವರು ಸ್ವತಃ ಅದೆರಿತು ಅವರೇ.

ಸೈನ್ಯದ ಸೇವೆ ಮುಗಿಸಿ ದಳಕ್ಕೆ ಸೇರಿದ ಅವರು ಆ ಲಾರಿಯ ಹಿಂಚಕ್ರಗಳ ಡ್ರಮ್ ಬ್ರೇಕುಗಳನ್ನು ಬೇರೆ ಯಾರ ಕೈಗೂ ಬಿಟ್ಟವರಲ್ಲ. ಮುಂದಿನ ಚಕ್ರಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿ ಏರಿಸಿ, ಕೆಳಗೆ ಗಟ್ಟಿ ಆಸರೆ ನಿಲ್ಲಿಸಿ, ಡ್ರಮ್ಮಿನ ಸುತ್ತ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕಳಚುವರು. ಒಳಗಿನ ಕಪ್ಪು ಪುಡಿಯನ್ನು ಗಾಳಿಯಿಂದ ಊದಲು ಬಿಡದೆ, ನೆನೆಸಿ ತೊಳೆದು, ಡ್ರಮ್ಮಿಗೆ ಒತ್ತಿ ಚಕ್ರ ನಿಲ್ಲಿಸುವ ಲೈನರನ್ನೂ ಸ್ಪ್ರಿಂಗುಗಳನ್ನೂ ಒಂದೊಂದಾಗಿ ನೋಡುವರು. ಜೋಡಿಸಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಲೈನರ್ ಸಣ್ಣಗೆ ಸವರುವ ಸದ್ದು ಎರಡೂ ಬದಿಯಲ್ಲಿ ಒಂದೇ ತೆರನಾಗಿ ಕೇಳುವವರೆಗೆ ಬಿಗಿಮಾಡಿ, ಸಡಿಲಿಸಿ, ಮತ್ತೆ ಬಿಗಿಮಾಡುವರು. ಹೊಸ ಚಾಲಕರು ಬಂದರೆ, ತುಂಬಿದ ಲಾರಿಯಲ್ಲಿ ಅವರ ಪಕ್ಕ ತಾವೇ ಕುಳಿತು ಇಳಿಜಾರಿನ ಅಂಜಿಕೆ ಬಿಡಿಸುತ್ತಿದ್ದರು.

ಆ ಪ್ರಸಂಗ ನಡೆದದ್ದು ಕಡುಬೇಸಿಗೆಯ ಒಂದು ಆಗಸ್ಟಿನಲ್ಲಿ. ವಾರವಿಡೀ ನೀಲಗಿರಿ ತೋಪುಗಳು ಉರಿಯುತ್ತಿದ್ದವು. ಮಧ್ಯಾಹ್ನ ಲಾರಿ ತಂದ ಚಾಲಕ, ಪೆಡಲು ತಳಕ್ಕೆ ಹೋಗುತ್ತಿದೆ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತಿದೆ ಎಂದ. ಅದೆರಿತು ಅವರು ಎಡಗಡೆಯ ಡ್ರಮ್ ಬಿಚ್ಚಿದರು. ಸಿಲಿಂಡರಿನ ರಬ್ಬರ್ ಸೀಳಿ, ಲೈನರ್ ಬ್ರೇಕ್ ಆಯಿಲಿನಲ್ಲಿ ತೊಯ್ದು ಹೋಗಿತ್ತು. ಬೆಂಕಿ ಉರ್ಗೇರಾ ಹಳ್ಳಿಯ ಕಡೆ ತಿರುಗಿದೆ ಎಂಬ ಸುದ್ದಿ ಬಂದದ್ದು ಆಗಲೇ. ದಳದ ಉಳಿದ ಲಾರಿಗಳೆಲ್ಲ ಬೇರೆ ಕಣಿವೆಯಲ್ಲಿದ್ದವು.

"ಹಾಗೇ ಮುಚ್ಚಿ ಕಳಿಸಯ್ಯಾ" ಎಂದರು ಕಮಾಂಡರ್ ಗಾಸ್ಪಾರ್.

"ಲೈನರ್ ಬದಲಾಯಿಸ್ಬೇಕು, ರಬ್ಬರ್ ಹಾಕ್ಬೇಕು, ಪೈಪಿನ ಗಾಳಿ ತೆಗೀಬೇಕು. ಎರಡು ಗಂಟೆ ಕೊಡಿ."

"ಅಲ್ಲಿ ಜನ ಇದಾರೆ ಅದೆರಿತೂ!"

"ಲಾರಿಯಲ್ಲೂ ಜನಾನೇ ಕೂರೋದು. ಉರ್ಗೇರಾದ ಇಳಿಜಾರಲ್ಲಿ ಇದು ನಿಲ್ಲಲ್ಲ."

"ನಿಲ್ಲಲ್ಲ ಅಂತ ಖಾತ್ರಿ ಇದೆಯಾ ನಿನಗೆ?"

"ನಿಲ್ಲುತ್ತೆ ಅಂತ ಖಾತ್ರಿ ಇಲ್ಲ."

ಹೇಳಿದಂತೆ ಎರಡು ಗಂಟೆಯ ಕೆಲಸ ಮುಗಿದ ಮೇಲೆಯೇ ಲಾರಿ ಹೊರಟಿತು. ಆ ಇಳಿಜಾರನ್ನು ಸುರಕ್ಷಿತವಾಗಿಯೇ ಇಳಿಯಿತು. ಆದರೆ ಅಷ್ಟರಲ್ಲಿ, ಹಳ್ಳಿಯವರು ಊರು ಬಿಟ್ಟಾಗ ಮೇಕೆಗಳ ಹಗ್ಗ ಬಿಚ್ಚಲೆಂದು ಹಿಂದೆ ಉಳಿದಿದ್ದ ಸಿಲ್ವೇರಿಯು ಎಂಬವನು ಕೊಟ್ಟಿಗೆಯಲ್ಲೇ ಬೆಂಕಿಗೆ ಸಿಕ್ಕಿ ಸತ್ತಿದ್ದ. ಮರುದಿನ ಸಲಿಕೆ ಹಿಡಿದು, ಸುಟ್ಟ ತೊಲೆಗಳನ್ನು ತೆಗೆಯಲು ನೆರವಾಗಲೆಂದು ಅದೆರಿತು ಅವರು ಅವನ ಮನೆಯಂಗಳಕ್ಕೆ ಹೋದರು. ಅವನ ಹೆಂಡತಿ ಉಂಬೆಲಿನಾ ಬೂದಿಯ ನಡುವೆ ನಿಂತಿದ್ದಳು.

"ಈಗ ಬಂದ್ಯಾ?" ಎಂದಳು. "ಅದೆರಿತು, ಈಗ ಬಂದ್ಯಾ?"

ಅವರು ಸಲಿಕೆಯನ್ನು ಅಲ್ಲೇ ಇಟ್ಟು ಹಿಂದಿರುಗಿದರು. ವಿಚಾರಣೆಯಲ್ಲಿ ಅವರದು ಸರಿಯಾದ ನಿರ್ಧಾರವೆಂದೇ ತೀರ್ಮಾನವಾಯಿತು. ಅದರಿಂದ ಅವರಿಗೆ ನಿದ್ದೆಯೇನೂ ಬರಲಿಲ್ಲ. ಬೇಸಿಗೆಗೆ ಮುಂಚೆ ಬ್ರೇಕು ತೊಳೆದಾಗ ಆ ರಬ್ಬರನ್ನು ಎತ್ತಿ ನೋಡಿದ್ದೆನೋ ಇಲ್ಲವೋ ಎಂಬುದು ಎಷ್ಟು ಯೋಚಿಸಿದರೂ ಅವರಿಗೆ ನೆನಪಾಗಲಿಲ್ಲ. ಕಾಫಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ಉಂಬೆಲಿನಾ ಚರ್ಚಿನಲ್ಲಿ ಅವರನ್ನು ಕಂಡರೆ ಬೆಂಚು ಬದಲಾಯಿಸುತ್ತಿದ್ದಳು.

ವರ್ಷಗಳು ಕಳೆದು, ಅವಳ ಮಗ ಡುವಾರ್ತೆ ತಾಯಿಯ ಮಾತು ಮೀರಿ ದಳಕ್ಕೆ ಸೇರಿದ. ಅದೇ ಲಾರಿಗೆ ಚಾಲಕನೂ ಆದ. ಬೇಸಿಗೆಗೆ ಮುಂಚಿನ ಆ ಜೂನಿನಲ್ಲಿ ಉಂಬೆಲಿನಾ ಮೊದಲ ಬಾರಿಗೆ ಗ್ಯಾರೇಜಿನೊಳಗೆ ಕಾಲಿಟ್ಟಳು. ಡ್ರಮ್ ಕಳಚಿ ನೆಲದ ಮೇಲಿತ್ತು.

"ಇದೇನಾ ಅದು?"

"ಇದೇ."

ಒಂದು ಡಬ್ಬ ಬೋರಲು ಹಾಕಿಕೊಂಡು ಕುಳಿತಳು. ಎರಡೂ ಬದಿಯ ಕೆಲಸ ಮುಗಿಯುವವರೆಗೆ ಏಳಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು, "ನಿನ್ನ ಮೇಲಿನ ಸಿಟ್ಟು ಹೋಯ್ತು ಅಂದ್ಕೋಬೇಡ. ಇದನ್ನ ಬೇರೆಯವರ ಕೈಗೆ ಕೊಡಬೇಡ, ಅಷ್ಟೆ" ಎಂದಳು. ಅಂದಿನಿಂದ ಪ್ರತಿ ಬೇಸಿಗೆಗೆ ಮುಂಚೆ ಬಂದು ಕುಳಿತು ಹೋಗುತ್ತಾಳೆ.

ನಿವೃತ್ತಿಯ ದಿನ ಗೊತ್ತಾದಾಗ ಅದೆರಿತು ಅವರು ಯಾರಿಗೂ ಹೇಳುವ ಮೊದಲು ಉರ್ಗೇರಾಕ್ಕೆ ನಡೆದು ಹೋದರು. ಉಂಬೆಲಿನಾ ಒಳಗೆ ಕರೆಯಲಿಲ್ಲ, ಬಾಗಿಲಲ್ಲೇ ಕೇಳಿದಳು.

"ಇನ್ಮೇಲೆ ಬ್ರೇಕು ಯಾರು ನೋಡ್ತಾರೆ?"

"ಡುವಾರ್ತೆನೇ. ಕಲಿಸಿದೀನಿ."

"ಅವನು ಅವಸರದೋನು. ಅವರಪ್ಪನ ಹಾಗೇ." ಸ್ವಲ್ಪ ಹೊತ್ತು ಬೆಟ್ಟದ ಕಡೆ ನೋಡಿದಳು. "ನೀನು ಪಕ್ಕದಲ್ಲಿ ನಿಂತ್ಕೋ."

"ನಿಂತ್ಕೋತೀನಿ."

ಅಂದು ಸುಟ್ಟು ಬೋಳಾಗಿದ್ದ ಬೆಟ್ಟದ ಮೇಲೆ ನೀಲಗಿರಿ ಮತ್ತೆ ಎತ್ತರಕ್ಕೆ ಬೆಳೆದಿದೆ. ಈ ವರ್ಷ ಮಳೆಯೂ ಕಡಿಮೆ. ಅದೆರಿತು ಅವರಿಗೆ ವಿಶ್ರಾಂತಿ ಸಿಗಲೆಂದು ಹಾರೈಸುವ ಧೈರ್ಯ ನಮಗಿಲ್ಲ. ಅವರ ಮಂಡಿಯ ನೋವು ಹೆಚ್ಚದಿರಲಿ, ಕಿವಿ ಚುರುಕಾಗಿರಲಿ. ಆಯುಷ್ಯ ದೀರ್ಘವಾಗಿ, ಕೊಟ್ಟ ಮಾತಿನಂತೆ ಇನ್ನೂ ಅನೇಕ ಜೂನ್ ತಿಂಗಳುಗಳಲ್ಲಿ ಅವರು ಡುವಾರ್ತೆಯ ಪಕ್ಕದಲ್ಲಿ ನಿಂತಿರಲಿ.