ಕೇಬಲ್ಲಿಗೆ ಹೊದಿಸಿದ ಮಂಜುಗಡ್ಡೆ

ಹೊಸದುರ್ಗದ ಕಡೆಯ ಗೊಲ್ಲರಹಟ್ಟಿಯಲ್ಲಿ ಹುಟ್ಟಿದ ಕಾವ್ಯಶ್ರೀ ಸಮುದ್ರವನ್ನು ಕಣ್ಣಾರೆ ಕಂಡವಳಲ್ಲ. ಆದರೂ ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯದಲ್ಲಿ ಅವಳ ಕೆಲಸವೆಲ್ಲ ಸಮುದ್ರದ್ದೇ. ಕಡಲ ತಳದಲ್ಲಿ ಕರೆಂಟು ಸಾಗಿಸುವ, ತೊಡೆಗಾತ್ರದ ಕೇಬಲ್ಲಿನ ತುಂಡನ್ನು ಯಂತ್ರಕ್ಕೆ ಕಟ್ಟಿ ಬಗ್ಗಿಸುವುದು, ಅಲೆಯ ಸೆಳೆತಕ್ಕೆ ಅದು ಎಷ್ಟು ಬಾಗೀತು, ಎಲ್ಲಿ ಸೋತೀತು ಎಂದು ಲೆಕ್ಕ ಹಾಕುವುದು.

ಆ ಬೇಸಿಗೆಯಲ್ಲಿ ಫಲಿತಾಂಶ ಚೆನ್ನಾಗಿಯೇ ಬಂತು. ಬಗ್ಗಿಸಿದಾಗ ಕೇಬಲ್ಲಿಗೆ ಸುತ್ತಿದ ಉಕ್ಕಿನ ತಂತಿಗಳು, ಅವುಗಳ ನಡುವೆ ತುಂಬಿದ ಡಾಂಬರಿನಲ್ಲಿ ಸಲೀಸಾಗಿ ಜಾರುತ್ತಿದ್ದವು. ವಿಭಾಗದ ಮುಖ್ಯಸ್ಥ ದಯಾನಂದ ಅವರು ಕೇಬಲ್ ತಯಾರಿಸುವ ಕಂಪನಿಗೆ ವರದಿ ಕಳಿಸಲು ಹೇಳಿದರು. ಅಂದು ಮಧ್ಯಾಹ್ನ ಮನೆಗೆ ನಡೆದು ಬರುವಾಗ ಬಿಸಿಲಿಗೆ ಕರಗಿದ ರಸ್ತೆಯ ಡಾಂಬರಿಗೆ ಅವಳ ಚಪ್ಪಲಿ ಅಂಟಿಕೊಂಡಿತು. ಬಿಡಿಸಿಕೊಳ್ಳಲು ಬಗ್ಗಿದವಳು ಹಾಗೇ ನಿಂತುಬಿಟ್ಟಳು. ದುರ್ಗದ ಬಿಸಿಲಿಗೆ ಮೆತ್ತಗಾಗುವ ಡಾಂಬರು ಕಡಲ ತಳದ ಚಳಿಗೆ ಗಟ್ಟಿಯಾಗುವುದಿಲ್ಲವೇ? ಆಗ ತಂತಿಗಳು ಜಾರವು. ಎಳೆತವೆಲ್ಲ ಅವುಗಳ ಮೈಮೇಲೆಯೇ.

ತಂಪಿನಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು ಎಂದು ಅವಳು ಹೇಳಿದಾಗ ದಯಾನಂದ ಅವರು ಒಪ್ಪಿದರು. ಆದರೆ ಕೇಬಲ್ಲನ್ನು ತಂಪಾಗಿಡುವ ಪೆಟ್ಟಿಗೆ ಕಾಲೇಜಿನಲ್ಲಿರಲಿಲ್ಲ, ವರದಿಯ ಗಡುವು ಹತ್ತಿರವಾಗಿತ್ತು. ರಾತ್ರಿ ಮನೆಯಲ್ಲಿ ಅವಳು ಊಟ ಬಿಟ್ಟು ಕುಳಿತದ್ದನ್ನು ನೋಡಿ ಗಂಡ ರಂಗೇಶ್ ಕಾರಣ ಕೇಳಿದ. ಅವನು ಊರಾಚೆಯ ಐಸ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ.

"ಎಷ್ಟು ತಣ್ಣಗಿರ್ಬೇಕು ಅದು?"

"ಫ್ರಿಜ್ಜಿನೊಳಗೆ ಇರ್ತೈತಲ್ಲ, ಅಷ್ಟು."

"ಅಷ್ಟೇನಾ? ಉಣ್ಣು. ನಾಳೆ ಗಾಡಿ ತರ್ತೀನಿ."

ಬೆಳಿಗ್ಗೆ ಗೋಣಿತಾಟು ಹೊದ್ದ ಮಂಜುಗಡ್ಡೆಗಳು ಪ್ರಯೋಗಾಲಯಕ್ಕೆ ಬಂದಿಳಿದವು. ರಂಗೇಶ್ ಒಡೆದೊಡೆದು ಕೇಬಲ್ಲಿನ ಸುತ್ತ ತುಂಬಿದ, ಕರಗಿದಂತೆಲ್ಲ ಮತ್ತೆ ತುಂಬಿದ. ಸಂಜೆ ಹೊತ್ತಿಗೆ ಕೇಬಲ್ಲು ಒಳಗಿನವರೆಗೂ ತಣಿದ ಮೇಲೆ ಕಾವ್ಯಶ್ರೀ ಯಂತ್ರ ಚಾಲು ಮಾಡಿದಳು. ಮೊದಲಿಗಿಂತ ದುಪ್ಪಟ್ಟು ಬಲ ಹಾಕಿದರೂ ಕೇಬಲ್ಲು ಬಾಗಲು ಒಲ್ಲದು. ಅವಳ ಅನುಮಾನ ನಿಜವಾಗಿತ್ತು. ತಪ್ಪು ವರದಿ ಹೋಗಿದ್ದರೆ ಕೇಬಲ್ಲು ಕಡಲ ತಳದಲ್ಲೇ ಸೋಲುತ್ತಿತ್ತು ಎಂದುಕೊಳ್ಳುತ್ತ ಅವಳು ಹೊಸ ಅಂಕಿಗಳನ್ನು ಬರೆದುಕೊಂಡಳು.

ತಿರುಗಿ ನೋಡಿದರೆ ರಂಗೇಶನಿಗೆ ಟೀ ಲೋಟ ಹಿಡಿಯಲಾಗುತ್ತಿರಲಿಲ್ಲ. ಅಂಗೈಗಳು ಕೆಂಪಗೆ ಮರಗಟ್ಟಿದ್ದವು. ಅವಳು ಎಲ್ಲರೆದುರೇ ಅವನ ಕೈಗಳನ್ನು ತನ್ನ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಳು.

"ನೋಯ್ತೈತಾ?"

"ಏನೂ ಗೊತ್ತಾಗ್ತಿಲ್ಲ. ಹಿಂಗೇ ಹಿಡ್ಕಂಡಿರು."

ಕಂಪನಿಯವರು ಹೊಸ ಲೆಕ್ಕದ ಪ್ರಕಾರ ಕೇಬಲ್ಲಿನ ವಿನ್ಯಾಸ ಬದಲಿಸಿದರು. ಮಳೆಗಾಲ ಕಳೆಯುವಷ್ಟರಲ್ಲಿ ಪ್ರಯೋಗಾಲಯಕ್ಕೆ ತಂಪು ಪೆಟ್ಟಿಗೆಯೂ ಬಂತು. ರಂಗೇಶ್ ಅದರ ಸುತ್ತ ಒಂದು ಸುತ್ತು ಬಂದು, ಇನ್ನು ತನಗಿಲ್ಲಿ ಕೆಲಸವಿಲ್ಲವಲ್ಲ ಎಂದು ಸ್ವಲ್ಪ ಸಪ್ಪಗೇ ಹೇಳಿದ.

"ಮಧ್ಯಾಹ್ನ ಊಟಕ್ಕೆ ಬರ್ರಿ," ಎಂದಳು ಕಾವ್ಯಶ್ರೀ. "ಅದಕ್ಕೂ ಐಸ್ ಹೊತ್ಕಂಡೇ ಬರ್ಬೇಕಾ?"

ಅಂದಿನಿಂದ ಅವನು ಊಟದ ಹೊತ್ತಿಗೆ ಅಲ್ಲಿಗೇ ಬರುತ್ತಾನೆ.